ಲೆನ್ಸಿನ ತೂಕದ ಹಿಟ್ಟು

ಅಡುಗೆಮನೆಯ ತಕ್ಕಡಿಯಲ್ಲಿ ಸರಿಯಾಗಿ ಒಂದೂವರೆ ಕಿಲೋ ಜೋಳದ ಹಿಟ್ಟು ತೂಗಿದೆ. ಹಳೆಯ ದಿಂಬಿನ ಗವಸನ್ನು ಕತ್ತರಿಸಿ ಉದ್ದನೆಯ ಚೀಲ ಮಾಡಿ, ಅದರೊಳಗೆ ಹಿಟ್ಟು ತುಂಬಿ, ಬಾಯಿ ಹೊಲಿದು, ಸೊಟ್ಟಗಾಗದಿರಲೆಂದು ಮೂರು ಕಡೆ ದಾರ ಸುತ್ತಿದೆ. ಅದನ್ನು ತಂದು ನಮ್ಮ ಮನೆಯವರ ಮುಂದಿಟ್ಟಾಗ ಅವರು ಪೇಪರಿನಿಂದ ಕಣ್ಣೆತ್ತಿದರು.

"ಏನಿದು?"

"ಲೆನ್ಸು."

"ಎಲ್ಲಾರೂ ಲೆನ್ಸಿಗೆ ಗಾಜು ಹಾಕ್ತಾರೆ, ನೀ ಹಿಟ್ಟು ಹಾಕೀಯಾ?"

"ರೇಸಿನ ಆ ನೂರು-ನಾನೂರು ಲೆನ್ಸು ಇಷ್ಟು ತೂಕ ಐತಂತೆ. ಕ್ಯಾಮೆರಾ ಹಿಡಿದಂಗೆ ಕಣ್ಣಿನ ಮಟ್ಟಕ್ಕೆ ಹಿಡೀರಿ. ನಾನು ಎಣಿಸ್ತೀನಿ."

ಅವರು ನಗುತ್ತಲೇ ಎದ್ದರು. ಎಡ ಅಂಗೈಯನ್ನು ಚೀಲದ ಕೆಳಗಿಟ್ಟು, ಬಲಗೈಯಿಂದ ಹಿಂಬದಿ ಹಿಡಿದು, ಒಂದು ಕಣ್ಣು ಮುಚ್ಚಿ ಟೀವಿಯ ಕಡೆ ಗುರಿ ಇಟ್ಟರು. ಐದರ ತನಕ ಚೀಲ ಕದಲಲಿಲ್ಲ. ಏಳಕ್ಕೆ ಬಲ ಮೊಣಕೈ ಅಲುಗಿತು. ಒಂಬತ್ತಕ್ಕೆ ಚೀಲದ ಮೂತಿ ಮೇಲೆ ಕೆಳಗೆ ಕುಟ್ಟತೊಡಗಿತು. ಹನ್ನೊಂದಕ್ಕೆ ಹೊಲಿಗೆಯ ಸಂದಿನಿಂದ ಹಿಟ್ಟು ಹೊಗೆಯ ಹಾಗೆ ಉದುರಿ ಅವರ ಬನಿಯನ್ನಿನ ಮೇಲೆ ಬಿತ್ತು. ಚೀಲವನ್ನು ಕುರ್ಚಿಯ ಮೇಲಿಟ್ಟು, "ನೀ ಭಾಳ ನಿಧಾನ ಎಣಿಸಿದಿ" ಎಂದರು. ನಾನು ಹೌದು ಎಂದೆ.

ನಾವು ಮದುವೆ ಫೋಟೋದವರು. ಅವರು ತೆಗೆಯುತ್ತಾರೆ, ನಾನು ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಲ್ಬಂ ಮಾಡುತ್ತೇನೆ. ಸಾವಿರ ಫೋಟೋ ಬಂದರೆ ಇನ್ನೂರು ಆರಿಸಬೇಕು. ಕಣ್ಣು ಮುಚ್ಚಿದವರನ್ನು, ಬಾಯಿ ತೆರೆದವರನ್ನು ಬಿಡಬೇಕು. ಬೀಗರು ಊಟದ ಎಲೆಯ ಮುಂದೆ ಸಿಟ್ಟಾಗಿ ಕೂತದ್ದಿದ್ದರೆ ಅದನ್ನಂತೂ ಬಿಡಲೇಬೇಕು. ಇಷ್ಟು ವರ್ಷ ಮಾಡಿದ ಮೇಲೆ ನನಗೆ ಕೆಟ್ಟ ಫೋಟೋ ಕಾಣುವುದೇ ಇಲ್ಲ. ಕಣ್ಣು ತಾನಾಗಿ ಅದನ್ನು ದಾಟಿ ಚೆನ್ನಾಗಿರುವುದರ ಮೇಲೆ ಹೋಗಿ ನಿಲ್ಲುತ್ತದೆ. ಇದು ನನ್ನ ಕಸುಬಿನ ಗುಣ ಎಂದುಕೊಂಡಿದ್ದೆ.

ಅವರ ಬಲಗೈ ಮೊದಲು ನಡುಗಿದ್ದು ಎರಡು ವರ್ಷದ ಹಿಂದೆ, ಅಂಗಿಯ ಕಾಲರಿನ ಗುಂಡಿ ಹಾಕುವಾಗ. ಅಂದು ಕ್ಯಾಲೆಂಡರಿನ ಚೌಕದಲ್ಲಿ, ಗ್ಯಾಸ್ ಸಿಲಿಂಡರ್ ಬಂದದ್ದನ್ನು ಬರೆದಿದ್ದರ ಕೆಳಗೆ, "ಗುಂಡಿ" ಎಂದಷ್ಟೇ ಬರೆದಿಟ್ಟೆ. ಆಮೇಲೆ ಲೋಟ, ಆಮೇಲೆ ಸಹಿ. ಡಾಕ್ಟರು ನರದ್ದು ಎಂದರು, ಮಾತ್ರೆ ಕೊಟ್ಟರು, ಗಾಬರಿಯಾದರೆ ಹೆಚ್ಚಾಗುತ್ತದೆ ಎಂದರು. ಗಾಬರಿಯಾಗಬಾರದು ಎಂಬ ಗಾಬರಿಗೆ ಅವರ ಹತ್ತಿರ ಮಾತ್ರೆ ಇರಲಿಲ್ಲ.

ಮದುವೆಗಳಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಫ್ಲ್ಯಾಶಿನ ಬೆಳಕು ಸಣ್ಣ ನಡುಕವನ್ನು ನುಂಗಿಬಿಡುತ್ತದೆ. ಮೇಲಾಗಿ ಮದುವೆಮನೆಯಲ್ಲಿ ಫೋಟೋದವನ ಮಾತು ನಡೆಯುತ್ತದೆ. ತಾಳಿ ಕಟ್ಟುವ ಹೊತ್ತಿಗೆ ಚಿತ್ರ ಕೆಟ್ಟರೆ, "ಅಯ್ಯನೋರೇ, ಒಂದ್ನಿಮಿಷ. ಇನ್ನೊಮ್ಮೆ ಹಿಡಕೊಳ್ಳಲಿ" ಎಂದು ಕೈ ಎತ್ತುತ್ತಾರೆ. ಮಂತ್ರ ನಿಲ್ಲುತ್ತದೆ, ಮದುಮಗ ಕಟ್ಟಿದ ತಾಳಿಯನ್ನೇ ಮತ್ತೆ ಹಿಡಿದು ಕಟ್ಟುವವನ ಹಾಗೆ ಮುಖ ಮಾಡುತ್ತಾನೆ, ಜನ ಇನ್ನೊಂದು ಹಿಡಿ ಅಕ್ಕಿಕಾಳು ಎಸೆಯುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಮ್ಮೆ ಎನ್ನುವ ಮಾತಿನ ಆಸರೆಯಲ್ಲಿ ಎರಡು ವರ್ಷ ಕಳೆದೆವು.

ಹಿಟ್ಟಿನ ಚೀಲದ ಅಗತ್ಯ ಬಿದ್ದದ್ದು ಮದುವೆಗಲ್ಲ, ಬೈಕ್ ರೇಸಿಗೆ.

ಹರಿಹರದಲ್ಲಿ ನಮ್ಮ ಮನೆಯವರ ಬಾಲ್ಯದ ಗೆಳೆಯರೊಬ್ಬರ ಬೈಕ್ ಗ್ಯಾರೇಜ್ ಇದೆ. ಗಿರಾಕಿಗಳೆಲ್ಲ ಅವರನ್ನು ಉಸ್ತಾದ್ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಆವರಗೆರೆಯ ಆಚೆ ಸೈಟು ಮಾಡಿ ಮನೆ ಏಳದ ಬಯಲಿನಲ್ಲಿ, ಜೇಸಿಬಿಯಿಂದ ಮಣ್ಣಿನ ದಿಬ್ಬ ಎಬ್ಬಿಸಿ, ಟ್ಯಾಂಕರಿನ ನೀರು ಹೊಡೆದು, ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಮಣ್ಣಿನ ರೇಸು ನಡೆಯುತ್ತದೆ. ನಲವತ್ತು ದಾಟಿದವರಿಗೆ ಅಲ್ಲಿ ಬೇರೆಯೇ ಪಂದ್ಯವಿದೆ. ಉಸ್ತಾದರು ಒಂದು ಸಲವೂ ತಪ್ಪಿಸಿದವರಲ್ಲ. ಅವರು ಓಡಿಸಿದ ಪ್ರತಿ ರೇಸಿನ ಒಂದೊಂದು ಫೋಟೋ ಗ್ಯಾರೇಜಿನ ಗೋಡೆಯ ಮೇಲೆ, ಒಂದೇ ಅಳತೆಯ ಚೌಕಟ್ಟಿನಲ್ಲಿ, ಸಾಲಾಗಿ ಇದೆ. ಎಲ್ಲವನ್ನೂ ತೆಗೆದವರು ನಮ್ಮವರು.

ಆ ಸಾಲಿನ ಫೋಟೋಗಳಲ್ಲಿ ಚಕ್ರದ ಕಡ್ಡಿಗಳು ಕಾಣುವುದಿಲ್ಲ, ಬರೀ ಬೂದು ಸುಳಿ. ಹಿಂದಿನ ಜನ, ಬ್ಯಾನರು, ಬೇವಿನ ಮರ ಎಲ್ಲ ಅಡ್ಡಕ್ಕೆ ಎಳೆದ ಗೆರೆ. ನಡುವೆ ಉಸ್ತಾದರು ಮಾತ್ರ ಚೂಪಾಗಿ, ಕನ್ನಡಕದೊಳಗಿನ ಕಣ್ಣು ಮುಂದಿನ ತಿರುವಿನ ಮೇಲೆ. ಓಡುವ ಬೈಕಿನ ಜೊತೆ ಕ್ಯಾಮೆರಾವನ್ನೂ ಅದೇ ವೇಗದಲ್ಲಿ ತಿರುಗಿಸಿದರೆ ಮಾತ್ರ ಹಾಗೆ ಬರುತ್ತದೆ. ಅದಕ್ಕೆ ಎಣ್ಣೆ ಹಾಕಿದ ಬಾಗಿಲಿನ ಹಾಗೆ ತಿರುಗುವ ಕೈ ಬೇಕು. "ಸವಾರ ನನ್ನ ಕಡೆ ನೋಡಿದ್ರೆ ಅದು ಮದ್ವೆ ಫೋಟೋ" ಎಂದು ನಮ್ಮವರು ಹೇಳುತ್ತಿದ್ದರು. ವರ್ಷವೆಲ್ಲ ಮದುವೆ ತೆಗೆದು, ವರ್ಷಕ್ಕೊಂದು ದಿನ ಅವರು ತಮಗೆಂದು ತೆಗೆಯುತ್ತಿದ್ದ ಫೋಟೋ ಅದು.

ಈ ಸಲ ಉಸ್ತಾದರು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ನಮ್ಮ ಮನೆಗೆ ಬಂದು, ಚಹಾ ಕುಡಿದು, "ಇದೇ ಕೊನೇದು" ಎಂದರು. "ಡಾಕ್ಟ್ರೂ ಬ್ಯಾಡ ಅಂದ್ರು, ಮನ್ಯಾಗೂ ಬ್ಯಾಡ ಅಂದ್ರು. ಗ್ವಾಡಿ ಮ್ಯಾಲೆ ಮೀಟರ್ ಡಬ್ಬಿ ಪಕ್ಕ ಒಂದೇ ಫೋಟೋಕ್ಕೆ ಜಾಗ ಉಳಿದೈತೆ. ಲೆಕ್ಕ ಸರಿ ಹೋತು."

"ಈ ಸಲ ಬೇರೆ ಯಾರನ್ನಾದ್ರೂ ಕರಿ" ಎಂದರು ನಮ್ಮವರು, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು.

"ಬೇರೆಯವ್ರು ತೆಗೆದ್ರೆ ಬೀಳ್ತೀನಿ ನಾನು."

"ನಾ ತೆಗೆದಾಗ ಬಿದ್ದಿಲ್ಲೇನು?"

"ಬಿದ್ದೀನಿ. ಆದ್ರೆ ಫೋಟೋ ಚೊಲೋ ಬಂದೈತೆ!"

ಉಸ್ತಾದರಿಗೆ ಕೈಯ ವಿಷಯ ಗೊತ್ತಿತ್ತು. ಗೊತ್ತಿದ್ದೂ ಕೇಳಿದರು. ನಮ್ಮವರು ಹೂಂ ಎಂದರು. ಆ ಒಂದು ಫೋಟೋ ತಮ್ಮ ಕೈಯಿಂದ ಬರುತ್ತದೋ ಇಲ್ಲವೋ ಎಂಬುದೇ ಅಂದಿನಿಂದ ನಮ್ಮ ಮನೆಯ ಊಟ, ನಿದ್ದೆ, ಮಾತು ಎಲ್ಲವೂ ಆಯಿತು.

ಅಲ್ಲಿಗೆ ಲೆನ್ಸಿನ ಪ್ರಶ್ನೆ ಎದ್ದಿತು. ದಾರಿ ಎರಡೇ. ನೂರು-ನಾನೂರು ಎಂಬುದು ದೂರದ್ದನ್ನು ಹತ್ತಿರ ಎಳೆಯುವ ದೊಡ್ಡ ಲೆನ್ಸು. ಅದಿದ್ದರೆ ಹಗ್ಗದಿಂದ ಮೂವತ್ತು ಹೆಜ್ಜೆ ಹಿಂದೆ, ಟೈರುಗಳ ಅಡ್ಡಗೋಡೆಯ ಆಚೆ ನಿಂತು ತೆಗೆಯಬಹುದು. ಇಷ್ಟು ವರ್ಷ ಅದನ್ನೇ ಬಾಡಿಗೆಗೆ ತರುತ್ತಿದ್ದರು; ಹೋದ ವರ್ಷ ನಡುಕ ಇಷ್ಟಿರಲಿಲ್ಲ, ಹೇಗೋ ನಡೆದುಹೋಯಿತು. ಆದರೆ ಅದು ಭಾರ, ಮತ್ತು ದೂರವನ್ನು ಎಳೆದ ಹಾಗೆ ಕೈಯ ನಡುಕವನ್ನೂ ಎಳೆದು ದೊಡ್ಡದು ಮಾಡುತ್ತದೆ. ಇನ್ನೊಂದು ನಮ್ಮದೇ ಎಂಬತ್ತೈದು, ಮದುವೆಯಲ್ಲಿ ಮದುಮಗಳ ಮುಖ ತೆಗೆಯುವ ಲೆನ್ಸು. ಅರ್ಧ ಕಿಲೋ ಕೂಡ ಇಲ್ಲ, ಕೈಗೆ ಹಗುರ. ಆದರೆ ಅದು ಏನನ್ನೂ ಹತ್ತಿರ ಎಳೆಯುವುದಿಲ್ಲ. ಬೈಕು ದೊಡ್ಡದಾಗಿ ಕಾಣಬೇಕೆಂದರೆ ನಾವೇ ಬೈಕಿನ ಹತ್ತಿರ ಹೋಗಬೇಕು. ಹಗ್ಗದ ಹತ್ತಿರ, ತಿರುವಿನ ಹತ್ತಿರ.

ಲೆನ್ಸು ಬಾಡಿಗೆ ಕೊಡುವವರ ಅಂಗಡಿಗೆ ಇಬ್ಬರೂ ಹೋದೆವು. ಮಹಡಿಯ ಮೇಲೆ ಗಾಜಿನ ಬೀರು, ಒಳಗೆ ಸಣ್ಣ ಬಲ್ಬು ಸದಾ ಉರಿಯುತ್ತಿರುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು. ಅಂಗಡಿಯವರು ಹಿಂದೆ ಮದುವೆ ವಿಡಿಯೋ ಮಾಡುತ್ತಿದ್ದವರು, ಎಲೆ ಅಡಿಕೆ ಹಾಕಿಕೊಂಡೇ ಮಾತಾಡುವವರು.

"ಬರ್ರಿ ಬರ್ರಿ, ಕೂಡ್ರಿ. ರೇಸ್ ಬಂತಾ? ನಿಮ್ಮ ನೂರು-ನಾನೂರು ರೆಡಿ ಐತೆ. ಈ ಸಲ ಹೊಸ ಮಾಡಲ್ ತರಿಸೀನಿ. ಒಳಗೆ ಸ್ಟೆಬಿಲೈಜರ್ ಐತ್ರಿ. ಕೈ ನಡುಗಿದ್ರೂ ಫೋಟೋ ನಡುಗಂಗಿಲ್ಲ, ಮುದುಕ್ರು ಹಿಡಿದ್ರೂ ನಡೀತೈತೆ!"

ಅವರು ಗೊತ್ತಿಲ್ಲದೆ ಆಡಿದ ಮಾತು. ನಮ್ಮವರು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಎಡಗೈಯಲ್ಲೇ ಲೆನ್ಸು ಎತ್ತಿ ನೋಡಿ, "ಒಂದಿನ ಟ್ರಯಲ್‌ಗೆ ಕೊಡ್ರಿ" ಎಂದರು. ಮೆಟ್ಟಿಲು ಇಳಿಯುವಾಗ ಪೆಟ್ಟಿಗೆಯನ್ನು ನಾನು ಹಿಡಿದುಕೊಂಡೆ. ಅವರು ಬ್ಯಾಡ ಅನ್ನಲಿಲ್ಲ. 

ಮರುದಿನ ಮಧ್ಯಾಹ್ನ ಭಾನುವಳ್ಳಿಯ ನಾಲೆಯ ದಂಡೆಗೆ ಹೋದೆವು. ದಂಡೆಯ ಮಣ್ಣಿನ ದಾರಿಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಉಸ್ತಾದರು ತಮ್ಮ ಕೆಂಪು ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು. ಕೆಲಸ ಇಷ್ಟೆ: ಅವರು ಆ ತುದಿಯಿಂದ ಜೋರಾಗಿ ಬರಬೇಕು, ನಮ್ಮವರು ಬೈಕಿನ ಜೊತೆ ಕ್ಯಾಮೆರಾ ತಿರುಗಿಸಿ ತೆಗೆಯಬೇಕು.

ಮೊದಲು ನೂರು-ನಾನೂರು. ಹತ್ತು ಸಲ ಬಂದರು, ಹತ್ತೂ ಕೆಟ್ಟವು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಹೆಲ್ಮೆಟ್ಟು ಎರಡೆರಡು, ಒಂದರಲ್ಲಿ ತಲೆಯೇ ಇಲ್ಲ. ಲೆನ್ಸಿನೊಳಗಿನ ಯಂತ್ರ ಸಣ್ಣ ನಡುಕವನ್ನು ತಡೆಯುತ್ತದೆ, ಇವರದನ್ನು ತಡೆಯಲಿಲ್ಲ. ಒಂಟಿಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ನೋಡಿದರು. ಭಾರ ಇಳಿಯಿತು, ಆದರೆ ತಿರುಗಿಸುವಾಗ ಕೈಯ ನಡುಕಕ್ಕೆ ಸ್ಟ್ಯಾಂಡೇ ಕುಣಿಯಿತು.

ಆಮೇಲೆ ಎಂಬತ್ತೈದು ಹಾಕಿದರು. ದಾರಿಯ ಅಂಚಿಗೇ ಹೋಗಿ ನಿಂತರು. ಬೈಕು ದಾಟಿದಾಗಲೆಲ್ಲ ಅವರ ಅಂಗಿ ಉಬ್ಬುತ್ತಿತ್ತು. ಒಂದು ಸಲ ಕೆಟ್ಟರೆ ಕೈ ಎತ್ತಿ, "ಇನ್ನೊಮ್ಮೆ!" ಎನ್ನುತ್ತಿದ್ದರು. ಉಸ್ತಾದರು ಹೆಲ್ಮೆಟ್ಟಿನೊಳಗಿಂದಲೇ, "ಎಷ್ಟ್ ಸಲ ತಾಳಿ ಕಟ್ಟಿಸ್ತೀಯೋ ಮಾರಾಯ!" ಎಂದು ಕೂಗಿ ತಿರುಗಿ ಹೋಗುತ್ತಿದ್ದರು. ಹದಿನೈದನೆಯ ಸಲಕ್ಕೆ ಬಂತು. ಚಕ್ರ ಸುಳಿ, ನಾಲೆಯ ನೀರು ಬೆಳ್ಳಿ ಗೆರೆ, ನಡುವೆ ಉಸ್ತಾದರು ಚೂಪಾಗಿ.

"ಬಂತು ನೋಡೇ!" ಎಂದು ನಮ್ಮವರು ಕ್ಯಾಮೆರಾವನ್ನು ನನ್ನ ಕಡೆ ಚಾಚಿದರು. ಎರಡು ವರ್ಷದಿಂದ ಆ ಮುಖ ನೋಡಿರಲಿಲ್ಲ.

ಟ್ರಯಲ್ ಲೆನ್ಸನ್ನು ಅಂಗಡಿಗೆ ವಾಪಸ್ ಕೊಟ್ಟು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿಕೊಂಡಾಗಲೂ ನಾನು ಆ ಒಂದನ್ನೇ ನೋಡಿದೆ. ಉಳಿದ ಹದಿನಾಲ್ಕನ್ನು ಬೆರಳು ತಾನಾಗಿ ದಾಟಿಸಿಬಿಟ್ಟಿತು. ರೇಸಿನಲ್ಲಿ ಉಸ್ತಾದರು ಆ ತಿರುವಿಗೆ ಬರುವುದು ಆರೇ ಸುತ್ತು, ಅಲ್ಲಿ ಇನ್ನೊಮ್ಮೆ ಎಂದು ಕೈ ಎತ್ತುವ ಹಾಗಿಲ್ಲ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಆಲ್ಬಮ್ಮಿನವಳ ಕಣ್ಣು ಅದನ್ನು ಎಣಿಸಲಿಲ್ಲ.

ನಮ್ಮವರು ಮಾತ್ರ ರಾತ್ರಿ ಊಟದಲ್ಲಿ, "ಏನೇ ಅನ್ನು, ರೇಸಿಗೆ ನೂರು-ನಾನೂರೇ ಸರಿ. ಎಂಬತ್ತೈದು ಹಾಕಿದ್ರೆ ಹಗ್ಗದ ಮ್ಯಾಲೇ ನಿಲ್ಬೇಕಾಗ್ತೈತೆ" ಎಂದರು. ನಾನು ಮಜ್ಜಿಗೆ ಬಡಿಸಿದೆ. ಅವರು ದೊಡ್ಡ ಲೆನ್ಸನ್ನು ಎಲ್ಲರೆದುರು ಎತ್ತಿ, ಅದು ಹಿಟ್ಟಿನ ಚೀಲದ ಹಾಗೆ ಕುಟ್ಟುವುದು, ಪಕ್ಕದ ಪೇಪರಿನ ಫೋಟೋಗ್ರಾಫರುಗಳು ಅದನ್ನು ನೋಡಿ ಮುಖ ತಿರುಗಿಸುವುದು, ಇದೇ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಹಗ್ಗದ ಭಯ ಇರಲಿಲ್ಲವೆಂದಲ್ಲ. ಎರಡು ಭಯದಲ್ಲಿ ಅದು ದೂರದ್ದಾಗಿ ಕಂಡಿತು.

ಮರುದಿನ ಅವರು ಸ್ನಾನಕ್ಕೆ ಹೋದಾಗ ಅಂಗಡಿಗೆ ಫೋನ್ ಮಾಡಿದೆ. "ಅಣ್ಣಾರೇ, ಅವರು ಕೇಳಿದ್ರೆ ದೊಡ್ಡ ಲೆನ್ಸು ಬೇರೆಯವ್ರಿಗೆ ಬುಕ್ ಆಗೈತೆ ಅಂದ್ಬಿಡ್ರಿ. ಯಾಕ ಅಂತ ಕೇಳಬ್ಯಾಡ್ರಿ."

"ಆತು ಬಿಡ್ರಿ ಅಕ್ಕಾರೇ" ಎಂದರು ಅವರು. ಅಷ್ಟು ಸುಲಭವಾಗಿ ಒಪ್ಪಿದ್ದು ಕೇಳಿ, ಹೆಂಗಸರು ಹೀಗೆ ಫೋನ್ ಮಾಡುವುದು ಆ ಅಂಗಡಿಗೆ ಹೊಸದಲ್ಲವೇನೋ ಅನ್ನಿಸಿತು. ಆಮೇಲೆ ನಮ್ಮವರು ಫೋನ್ ಮಾಡಿ ಕೇಳಿದಾಗ ಅವರು ಹಾಗೇ ಅಂದರು.

ರೇಸಿನ ದಿನ ಆವರಗೆರೆಯ ಬಯಲಿನಲ್ಲಿ ಬೆಳಿಗ್ಗೆಯೇ ಬಿಸಿಲು ಏರಿತ್ತು. ಟ್ಯಾಂಕರು ಮಣ್ಣಿಗೆ ನೀರು ಹೊಡೆದು ಹೋದ ಕಡೆ ಒಳ್ಳೆಯ ವಾಸನೆ, ಉಳಿದ ಕಡೆ ಸುಟ್ಟ ಆಯಿಲಿನ ವಾಸನೆ. ಮೈಕಿನವನ ಗಂಟಲು ಆಗಲೇ ಒಡೆದಿತ್ತು. ಮಂಡಕ್ಕಿ ಗಾಡಿಯವನು ಧೂಳಿಗೆ ಹೆದರಿ ಮಂಡಕ್ಕಿಯ ಮೇಲೆ ಹೊಸ ಲುಂಗಿ ಹೊದಿಸಿದ್ದ. ನಮ್ಮವರ ಕೊರಳಲ್ಲಿ ಪಾಸು, ಕೈಯಲ್ಲಿ ಎಂಬತ್ತೈದು. ಅವರ ಹಿಂದೆ ಹತ್ತು ಹೆಜ್ಜೆಗೆ, ಟೈರುಗಳ ಆಚೆ, ನೀರಿನ ಬಾಟಲಿಯ ಚೀಲ ಹಿಡಿದು ನಾನು.

ಅವರು ಆರಿಸಿದ್ದು ದೊಡ್ಡ ದಿಬ್ಬ ಇಳಿದ ಮೇಲಿನ ಎಡ ತಿರುವು. ನಡುಕ ಮುಚ್ಚಲೆಂದು ಶಟರಿನ ವೇಗವನ್ನು ಸಾವಿರಕ್ಕೆ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗೆ, ಏರಿಸಿಕೊಂಡಿದ್ದನ್ನು ನಾನು ನೋಡಿದೆ. ಹಾಗಿಟ್ಟರೆ ಫೋಟೋದಲ್ಲಿ ಕೈಯ ನಡುಕವೂ ನಿಲ್ಲುತ್ತದೆ, ಚಕ್ರವೂ ನಿಲ್ಲುತ್ತದೆ. ಇಷ್ಟು ವರ್ಷ ಅವರೇ ಬೈಯುತ್ತಿದ್ದ ಕೆಲಸ ಅದು.

ನಲವತ್ತು ದಾಟಿದವರ ಪಂದ್ಯ ಶುರುವಾಯಿತು. ಮೊದಲ ಸುತ್ತಿನಲ್ಲಿ ಉಸ್ತಾದರು ಮೂರನೆಯವರಾಗಿ ತಿರುವಿಗೆ ಬಂದರು. ಧೂಳಿನಲ್ಲಿ ಕೆಂಪು ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ ನಮ್ಮವರು ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಬೈಕು ದಾಟಿಹೋಗಿತ್ತು. ಅವರ ಬಲ ಭುಜ ಕುಣಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಮೂರನೆಯ ಸುತ್ತಿಗೆ ಅವರು ಎರಡು ಹೆಜ್ಜೆ ಮುಂದೆ ಹೋದರು.

ಹಸಿರು ಜಾಕೀಟಿನವರೊಬ್ಬರು ಸೀಟಿ ಊದಿ, "ಸಾರ್, ಹಿಂದಕ್ಕೆ ಬರ್ರಿ! ಹಗ್ಗ ಬಿಟ್ಟು ಬರ್ರಿ!" ಎಂದು ಕೂಗಿದರು. ನಮ್ಮವರು ಎರಡು ಹೆಜ್ಜೆ ಹಿಂದೆ ಬಂದರು. ಸೀಟಿಯವರು ಆ ಕಡೆ ತಿರುಗಿದ ಕೂಡಲೇ ಮೂರು ಹೆಜ್ಜೆ ಮುಂದೆ ಹೋದರು. ನಾಲ್ಕನೆಯ ಸುತ್ತು ಮುಗಿಯುವ ಹೊತ್ತಿಗೆ ಹಗ್ಗ ಅವರ ಹೊಟ್ಟೆಗೆ ತಾಗಿ ಒಳಕ್ಕೆ ಬಾಗಿತ್ತು.

ನಾನು ಕೂಗಬೇಕಿತ್ತು. ಕೂಗಿದರೆ ಗಾಬರಿಯಾಗುತ್ತಾರೆ, ಗಾಬರಿಯಾದರೆ ಕೈ ಇನ್ನೂ ನಡುಗುತ್ತದೆ, ಇನ್ನೆರಡೇ ಸುತ್ತು ಉಳಿದಿದೆ. ಓಡಿ ಹೋಗಿ ಅಂಗಿ ಹಿಡಿದು ಎಳೆಯಬೇಕಿತ್ತು. ಟೈರು ದಾಟಲು ಸೀರೆ ಎತ್ತಿಕೊಂಡವಳು ಹಾಗೇ ನಿಂತೆ. ಬಾಯಲ್ಲಿ ಮಾತ್ರ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ, ಮನೆಯಲ್ಲಿ ಹಿಟ್ಟಿನ ಚೀಲ ಹಿಡಿಸಿ ಎಣಿಸಿದ ಹಾಗೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ.

ಐದನೆಯ ಸುತ್ತಿನಲ್ಲಿ ಉಸ್ತಾದರು ದಿಬ್ಬದಿಂದ ಹಾರಿ ಇಳಿದರು. ಇನ್ನೂ ಮೂರನೆಯವರೇ. ತಿರುವಿನ ಬಾಯಿಗೆ ಬಂದಾಗ, ಎಲ್ಲರೂ ಎಂಜಿನ್ನು ಏರಿಸುವ ಜಾಗದಲ್ಲಿ, ಆ ಬೈಕಿನ ಸದ್ದು ಇಳಿಯಿತು. ಕಿವಿಗೆ ಸ್ಪಷ್ಟವಾಗಿ ಗೊತ್ತಾಗುವಷ್ಟು ಇಳಿಯಿತು. ಉಸ್ತಾದರ ಮೈ ನೆಟ್ಟಗಾಯಿತು. ಹೆಲ್ಮೆಟ್ಟು ನಮ್ಮವರ ಕಡೆ ತಿರುಗಿತು. ಒಂದು ಕ್ಷಣ ಇಬ್ಬರೂ ಎದುರುಬದುರು. ಶಟರಿನ ಸದ್ದು ನನಗೆ ಕೇಳಿಸಲಿಲ್ಲ, ಆದರೆ ನಮ್ಮವರ ಭುಜ ನಿಂತದ್ದು ಕಾಣಿಸಿತು. ಅಷ್ಟರಲ್ಲಿ ತಿರುವಿನ ಒಳಬದಿಯಿಂದ ಒಂದು ನೀಲಿ ಬೈಕು, ಅದರ ಹಿಂದೆಯೇ ಇನ್ನೊಂದು, ಉಸ್ತಾದರನ್ನು ದಾಟಿ ಹೋದವು.

ಆರನೆಯ ಸುತ್ತಿಗೆ ನಮ್ಮವರು ಕ್ಯಾಮೆರಾ ಎತ್ತಲೇ ಇಲ್ಲ. ಉಸ್ತಾದರು ಐದನೆಯವರಾಗಿ ಮುಗಿಸಿದರು. ಬಹುಮಾನದ ಕಪ್ಪು ಇದ್ದದ್ದು ಮೊದಲ ಮೂರು ಜನಕ್ಕೆ.

ಹೆಲ್ಮೆಟ್ಟು ತೆಗೆದು, ಬಾಟಲಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಕುಂಟುತ್ತ ಬಂದ ಉಸ್ತಾದರು ನೇರ ಕ್ಯಾಮೆರಾಕ್ಕೇ ಕೈ ಹಾಕಿದರು. "ಬಂತಾ? ತೋರ್ಸು."

ನಮ್ಮವರು ತೋರಿಸಲಿಲ್ಲ. "ಯಾಕ ಸ್ಪೀಡು ಇಳಿಸಿದಿ?"

"ಗೇರ್ ಬೀಳ್ಲಿಲ್ಲ."

"ಸುಳ್ಳು ಹೇಳಬ್ಯಾಡ. ನಿನ್ನ ಬೈಕಿನ ಗೇರು ನಿದ್ದಿಗಣ್ಣಾಗೂ ಬೀಳ್ತೈತೆ."

ಉಸ್ತಾದರು ನನ್ನ ಕಡೆ ನೋಡಿದರು. ಆಮೇಲೆ ನಕ್ಕರು. "ಮತ್ತೇನ್ಲೇ, ಹಗ್ಗಕ್ಕೆ ಹೊಟ್ಟಿ ಕೊಟ್ಕೊಂಡು ನಿಂತೀಯ. ಮ್ಯಾಲೆ ಹತ್ತಿಸ್ಕೊಂಡು ಹೋಗ್ಬೇಕಿತ್ತಾ? ಅಕ್ಕಾರಿಗೆ ನಾ ಏನ್ ಜವಾಬು ಕೊಡ್ಲಿ? ಕಪ್ಪು ಬಿಡು, ಮನ್ಯಾಗ ಇಡಾಕೂ ಜಾಗ ಇಲ್ಲ. ಫೋಟೋ ಮನಿಗೆ ಹೋಗಿ ನೋಡು. ನಾ ಮೊಳಿ ಹೊಡೆದು ಇಡ್ತೀನಿ."

"ದೊಡ್ಡ ಲೆನ್ಸು ಸಿಕ್ಕಿದ್ರೆ ನಾ ಅಲ್ಲಿ ನಿಲ್ತಾನೇ ಇರ್ಲಿಲ್ಲ" ಎಂದರು ನಮ್ಮವರು. ಯಾರನ್ನೂ ದೂರುವ ಧ್ವನಿಯಲ್ಲ ಅದು. ನಾನು ಚೀಲದಿಂದ ಇನ್ನೊಂದು ಬಾಟಲಿ ತೆಗೆದು ಉಸ್ತಾದರ ಕೈಗೆ ಕೊಟ್ಟೆ. ಹೇಳಿಬಿಡಬೇಕಿತ್ತು. ಮುಚ್ಚಳ ತೆಗೆದುಕೊಟ್ಟೆ, ಅಷ್ಟೆ.

ಸಂಜೆ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದೆ. ಚೂಪು ಎಂದರೆ ಅಷ್ಟು ಚೂಪು, ಜಾಕೀಟಿನ ಹೊಲಿಗೆ ಎಣಿಸಬಹುದು. ಚಕ್ರದ ಕಡ್ಡಿಗಳೂ ಒಂದೊಂದಾಗಿ ಎಣಿಸಬಹುದು. ಬೈಕು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗಿದೆ. ಕನ್ನಡಕದ ಗಾಜಿನ ಹಿಂದೆ ಉಸ್ತಾದರ ಎರಡು ಕಣ್ಣು ನೇರವಾಗಿ ಹೊರಗೆ ನೋಡುತ್ತಿವೆ. ಧಾರೆಯ ಹೊತ್ತಿನಲ್ಲಿ, ಸರಿಯಾಗಿ ಬಂತಾ, ಎಂದು ಕೇಳುವ ಮದುಮಗನ ನೋಟ.

ನಮ್ಮವರು ನನ್ನ ಬೆನ್ನ ಹಿಂದೆ ಬಂದು ನಿಂತು ನೋಡಿದರು. "ಮದ್ವೆ ಫೋಟೋ" ಎಂದರು. ಹೋಗಿ ಮಲಗಿದರು.

ನಾನು ಕುಳಿತೇ ಇದ್ದೆ. ಕಂಪ್ಯೂಟರಿನಲ್ಲಿ ನನಗೆ ಬರುವ ವಿದ್ಯೆಯೆಲ್ಲ ಮಾಡಿದೆ. ಚಕ್ರವನ್ನು ಸುತ್ತಿಸಿದೆ, ಕಡ್ಡಿಗಳು ಮಾಯವಾದವು. ಹಿಂದಿನ ಜನರನ್ನು ಗೆರೆ ಎಳೆದೆ. ಬೈಕನ್ನು ಕೊಂಚ ಓರೆ ಮಾಡಿದೆ. ಕಣ್ಣು ಮಾತ್ರ ತಿರುಗಲಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಮುಚ್ಚಿದ ಕಣ್ಣನ್ನು ಎಷ್ಟೋ ಸಲ ತೆರೆಸಿದ್ದೇನೆ, ಬೇರೆ ಫೋಟೋದಿಂದ ತಂದು ಅಂಟಿಸಿದ್ದೇನೆ. ಇಲ್ಲಿ ತರಲು ಬೇರೆ ಫೋಟೋ ಇರಲಿಲ್ಲ. ಸುತ್ತ ಎಲ್ಲವೂ ಓಡುತ್ತಿದೆ, ನಡುವೆ ಒಬ್ಬರು ನಿಂತು ನಮ್ಮನ್ನೇ ನೋಡುತ್ತಿದ್ದಾರೆ. ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನ ಹಾಗೆ ಇಟ್ಟೆ.

ಸೋಮವಾರ ಬ್ಯಾಟರಿ ಕೊಳ್ಳಬೇಕೆಂದು ನಮ್ಮವರು ಅದೇ ಅಂಗಡಿಗೆ ಹೊರಟರು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ, ಜೊತೆಗೆ ಹೋದೆ. ಗಾಜಿನ ಬೀರುವಿನಲ್ಲಿ, ಸಣ್ಣ ಬಲ್ಬಿನ ಕೆಳಗೆ, ನೂರು-ನಾನೂರು ಕೂತಿತ್ತು.

"ಬಂತೇನು ವಾಪಸ್?" ಎಂದರು ನಮ್ಮವರು.

ಅಂಗಡಿಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಫೋನು ಅವರ ನೆನಪಿನಿಂದ ಜಾರಿತ್ತು. "ಎಲ್ಲಿಗ್ ಹೋಗಿತ್ರಿ ಅದು? ವಾರದಿಂದ ಅಲ್ಲೇ ಕೂತೈತೆ" ಎಂದವರು, ತಲೆ ಎತ್ತಿ ನನ್ನನ್ನು ನೋಡಿ, ಬಾಯಿಗೆ ಹೋಗುತ್ತಿದ್ದ ಎಲೆಯನ್ನು ಅಲ್ಲೇ ನಿಲ್ಲಿಸಿದರು.

ನಮ್ಮವರು ಬ್ಯಾಟರಿ ತೆಗೆದುಕೊಂಡರು. ಮೆಟ್ಟಿಲಿಳಿದರು. ಸ್ಕೂಟರ್ ನಾನೇ ಓಡಿಸಿದೆ, ಈಗ ನಾನೇ ಓಡಿಸುವುದು.  ಮನೆಗೆ ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, "ಆ ಹಿಟ್ಟಿನ ಚೀಲ ಎಲ್ಲೈತೆ?" ಎಂದರು.

ಅಕ್ಕಿ ಡಬ್ಬಿಯ ಹಿಂದಿನಿಂದ ತಂದುಕೊಟ್ಟೆ. ಅವರು ನಡುಮನೆಯಲ್ಲಿ ನಿಂತು, ಚೀಲವನ್ನು ಕಣ್ಣಿಗೆ ಏರಿಸಿ, ತಾವೇ ಎಣಿಸಿದರು. ಜೋರಾಗಿ, ಅವಸರವಿಲ್ಲದೆ. ಏಳಕ್ಕೆ ಚೀಲ ಕುಟ್ಟತೊಡಗಿತು. ಎಂಟು ಎಂದರು. ಒಂಬತ್ತು ಎನ್ನುವ ಮೊದಲು ಕೈ ಇಳಿಯಿತು.

"ರೀ, ನಾನು..." ಎಂದೆ.

"ಹಿಟ್ಟು ಮುಗ್ಗು ಬರ್ತೈತೆ. ಬಿಚ್ಚಿಬಿಡು, ರೊಟ್ಟಿ ಮಾಡು" ಎಂದರು. ಚೀಲವನ್ನು ನನ್ನ ಕೈಗಿಟ್ಟು, "ಅವನಿಗೆ ಆ ಫೋಟೋನ ಹೆಂಗೈತೋ ಹಂಗ ಪ್ರಿಂಟ್ ಹಾಕಿ ಕೊಡು. ಏನೂ ತಿದ್ದಬ್ಯಾಡ."

ನಾನು ತಿದ್ದಿ ನೋಡಿದ್ದು ಅವರಿಗೆ ಹೇಗೆ ಗೊತ್ತಾಯಿತೋ. ಹೊಲಿಗೆ ಬಿಚ್ಚಿ, ಹಿಟ್ಟನ್ನು ಎರಡು ಸಲ ಜರಡಿ ಹಿಡಿದೆ. ಆದರೂ ರೊಟ್ಟಿ ಅಂಚಿನಲ್ಲಿ ಬಿರಿಯಿತು.

ಫೋಟೋ ಈಗ ಹರಿಹರದ ಗ್ಯಾರೇಜಿನಲ್ಲಿ, ಮೀಟರ್ ಡಬ್ಬಿಯ ಪಕ್ಕದಲ್ಲಿದೆ. ಹೊಸ ಗಿರಾಕಿಗಳು ಸಾಲಿನ ಕೊನೆಗೆ ಬಂದು, "ಇದ್ರಾಗ ಯಾಕ ನಿಂತೀರಿ ಉಸ್ತಾದ್?" ಎಂದು ಕೇಳುತ್ತಾರೆ. ಉಸ್ತಾದರು ನಟ್ಟಿಗೆ ಪಾನಾ ಹಾಕಿ ತಿರುಗಿಸುತ್ತಲೇ, "ದೋಸ್ತ ಫೋಟೋ ತೆಗೀತಿದ್ದ, ನಿಂತೆ" ಎನ್ನುತ್ತಾರೆ. ಕೇಳಿದವರು ನಗುತ್ತಾರೆ.

ನಾವು ಈಗಲೂ ಹರಿಹರಕ್ಕೆ ಹೋದಾಗ ಅಲ್ಲಿ ಕುಳಿತು ಚಹಾ ಕುಡಿದು ಬರುತ್ತೇವೆ. ನಮ್ಮವರು ಎರಡೂ ಕೈಯಿಂದ ಲೋಟ ಹಿಡಿಯುತ್ತಾರೆ. ಮೊದಲು ಅವರ ಸ್ಟೂಲು ಫೋಟೋಗಳ ಎದುರಿಗೆ ಇರುತ್ತಿತ್ತು. ಈಗ ಹೋದ ಕೂಡಲೇ ಅದನ್ನು ಎತ್ತಿ ಆ ಗೋಡೆಗೆ ಬೆನ್ನು ಬರುವ ಹಾಗೆ ಹಾಕಿಕೊಳ್ಳುತ್ತಾರೆ, ರಸ್ತೆಯ ಕಡೆ ಗಾಳಿ ಬರುತ್ತದೆ ಎನ್ನುತ್ತಾರೆ. ಅವರ ಎದುರಿಗೆ ನನ್ನ ಸ್ಟೂಲು. ಅಲ್ಲಿಂದ ನನಗೆ ಆ ಫೋಟೋ ನೇರ ಕಾಣುತ್ತದೆ.